ಬಾಣಂತಿ ಗುಡ್ಲಿಗೆ ಗೋಡೆ ಬಂದ ವರ್ಷ

ಪುಟ್ಟಕ್ಕ ಚನ್ನರಾಯನದುರ್ಗದ ಕಡೆಯಿಂದ ಬಡವನಹಳ್ಳಿ ಹತ್ತಿರದ ಒಂದು ಗೊಲ್ಲರ ಹಟ್ಟಿಗೆ ಸೊಸೆಯಾಗಿ ಬಂದಾಗ ಅವಳಿಗೆ ಅಲ್ಲಿ ಗಂಡ ಪೆದ್ದಣ್ಣನನ್ನು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಅತ್ತೆ ಮಾವ ತೀರಿಹೋಗಿದ್ದರು. ಪೆದ್ದಣ್ಣ ಒಬ್ಬನೇ ಮಗ. ಅವನೂ ಕುರಿಮಂದೆ ಹೊಡೆದುಕೊಂಡು ಪಾವಗಡದ ಆಚೆ ತೆಲುಗು ಸೀಮೆಯವರೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಒಂಟಿ ಸೊಸೆಯನ್ನು ತನ್ನ ಸೆರಗಿಗೆ ಹಾಕಿಕೊಂಡವಳು ಪಕ್ಕದ ಮನೆಯ ಕ್ಯಾತಮ್ಮ.

ಕ್ಯಾತಮ್ಮನದು ಹಟ್ಟಿಯಲ್ಲೇ ದೊಡ್ಡ ಮನೆ. ಗಂಡನ ಕಡೆ ಅಣ್ಣತಮ್ಮಂದಿರು ತುಂಬಿಕೊಂಡಿದ್ದರು. ಹಿರಿಯವನಾದ ಬೋರಣ್ಣನೇ ಹಟ್ಟಿಯ ಯಜಮಾನ. ಇಷ್ಟಿದ್ದರೂ ಕ್ಯಾತಮ್ಮನಿಗೆ ದೊಡ್ಡಸ್ತಿಕೆ ಅನ್ನುವುದು ಗೊತ್ತೇ ಇರಲಿಲ್ಲ. ಪುಟ್ಟಕ್ಕನನ್ನೂ ಕರೆದುಕೊಂಡು, ಬೆಣ್ಣೆ ಗಡಿಗೆ ಹೊತ್ತು ಬಡವನಹಳ್ಳಿ ಸಂತೆಗೆ ಹೊರಟರೆ ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಯಾವ ಹೊಲದ ಅವರೆ ಹೂ ಬಿಟ್ಟಿದೆ, ಯಾರ ಮಗಳು ತವರಿಗೆ ಬಂದಿದ್ದಾಳೆ, ಯಾವ ಕುರಿಗೆ ಅವಳಿ ಮರಿ, ಎಲ್ಲವೂ ಅವಳಿಗೆ ಬೇಕು. ಆ ಮಾತಿನಲ್ಲೇ ಬಿಸಿಲು ಕಳೆದುಹೋಗುತ್ತಿತ್ತು. ಆ ದಿನಗಳನ್ನು ನೆನೆದರೆ ಪುಟ್ಟಕ್ಕನಿಗೆ ಮುದುಕಿಯಾದ ಮೇಲೂ ಕಣ್ಣು ತುಂಬಿಬರುತ್ತಿತ್ತು.

ಹೆರಿಗೆಯಾದ ಹೆಂಗಸು ಕೂಸಿನೊಂದಿಗೆ ಹಟ್ಟಿಯ ಕಾರೆಮುಳ್ಳಿನ ಬೇಲಿಯಿಂದಾಚೆ, ಒಂದು ಗುಡ್ಲಿನಲ್ಲಿ ಇರಬೇಕು. ಸೂತಕ ಕಳೆಯುವ ತನಕ ಒಳಗೆ ಬರುವಂತಿಲ್ಲ. ಹಿಂದಿನಿಂದ ಬಂದ ದೇವರ ಕಟ್ಟು ಅದು. ಗುಡ್ಲನ್ನು ಅವರವರ ಮನೆಯವರೇ ಹಾಕಿಕೊಡಬೇಕು. ಪುಟ್ಟಕ್ಕ ಚೊಚ್ಚಲ ಬಸುರಿಯಾಗಿ ದಿನ ತುಂಬಿದಾಗ ಪೆದ್ದಣ್ಣ ಊರಲ್ಲಿರಲಿಲ್ಲ. ಅವಳೇ ನಾಲ್ಕು ಕವೆಗೋಲು ನೆಟ್ಟು, ಮೇಲೆ ತಂಗಡಿ ಸೊಪ್ಪು ಹಾಸಿ, ಹೆಂಗೋ ಒಂದು ನೆರಳು ಮಾಡಿಕೊಂಡಿದ್ದಳು. ಅದರಲ್ಲೇ ಗಂಡುಮಗು ಹುಟ್ಟಿತು.

ಹುಟ್ಟಿದ ವಾರದೊಳಗೆ ಚಿತ್ತೆಮಳೆ ಹಿಡಿಯಿತು. ಒಂದು ಮಧ್ಯಾಹ್ನ ಮಿಡಿಗೇಶಿ ಕಡೆಯಿಂದ ಕಪ್ಪಗೆ ಎದ್ದು ಬಂದ ಮೋಡ ಹಟ್ಟಿಯ ಮೇಲೆ ಒಡೆದುಕೊಂಡಿತು. ಕ್ಯಾತಮ್ಮ ಬೇಲಿಯ ಬಳಿ ಬಂದು ಕೂಗಿ ಕರೆದಳು, ಉತ್ತರ ಬರಲಿಲ್ಲ. ಬಾಣಂತಿಯನ್ನು ಮುಟ್ಟಿದರೆ ಮುಟ್ಟಿದವರಿಗೂ ಮೈಲಿಗೆ. ಆದರೂ ಕ್ಯಾತಮ್ಮ ಹಿಂದುಮುಂದು ನೋಡದೆ ಬೇಲಿ ದಾಟಿ ಗುಡ್ಲಿಗೆ ನುಗ್ಗಿದಳು. ಸೊಪ್ಪೆಲ್ಲ ಹಾರಿಹೋಗಿತ್ತು. ಪುಟ್ಟಕ್ಕ ಮಂಡಿ ಮಡಚಿ ಕೂತು, ಕೂಸನ್ನು ಮೊರದಲ್ಲಿ ಮಲಗಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಅದರ ಮೇಲೆ ಬಾಗಿದ್ದಳು. ಕ್ಯಾತಮ್ಮ ಹೊದ್ದಿದ್ದ ಕಂಬಳಿಯನ್ನು ಇಬ್ಬರ ಮೇಲೂ ಎಳೆದು, ಮಳೆ ನಿಲ್ಲುವವರೆಗೂ ಅವರನ್ನು ಅಪ್ಪಿಕೊಂಡು ಕೂತಳು. ಸೂತಕ ಕಳೆಯುವವರೆಗೆ ತಾನೂ ಮನೆಗೆ ಹೋಗದೆ ಗುಡ್ಲಿನಲ್ಲೇ ಉಳಿದಳು. ಮನೆಯವರು ಮುನಿಸಿಕೊಂಡರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನಗಳಲ್ಲೇ ಅವಳಿಗೆ ಒಂದು ಮಾತು ಹೊಳೆಯಿತು. ತನ್ನ ಬಾಣಂತನದಲ್ಲಿ ಅವಳಿಗೆ ಒಂದು ಹನಿಯೂ ಸೋಕಿರಲಿಲ್ಲ. ಮೈದುನಂದಿರು ಗಳ ಕಡಿದು, ಮಂದವಾಗಿ ಹುಲ್ಲು ಹೊದಿಸಿ, ದಿನಾ ಸೌದೆ ತಂದು ಹಾಕಿದ್ದರು. ಆಗ ಅವಳು ಬಾಣಂತಿ ಗುಡ್ಲೆಂದರೆ ಎಲ್ಲರಿಗೂ ಹಾಗೇ ಇರುತ್ತದೆ ಅಂದುಕೊಂಡಿದ್ದಳು. ಪುಟ್ಟಕ್ಕನಿಗೆ ತಾನು ಕಂಬಳಿ ಕೊಟ್ಟೆ, ಸರಿ. ಮುಂದಿನ ತಿಂಗಳು ಹೆರುವವಳಿಗೆ ಯಾರು ಕೊಡುತ್ತಾರೆ?

ಸೋಮವಾರದ ಪೂಜೆ ಮುಗಿದು ಹಿರಿಯರು ಹೊಂಗೆಮರದಡಿ ಕೂತಿದ್ದಾಗ ಕ್ಯಾತಮ್ಮ ಅಲ್ಲಿಗೆ ಹೋಗಿ ನಿಂತಳು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿ ಇರಲಿಲ್ಲ. ಬಾಣಂತಿಯರಿಗಾಗಿ ಹಟ್ಟಿಯವರೆಲ್ಲ ಸೇರಿ ಒಂದು ಗೋಡೆ ಗುಡ್ಲು ಕಟ್ಟಬೇಕು, ಸೌದೆಯನ್ನು ಸರದಿ ಮೇಲೆ ಒದಗಿಸಬೇಕು ಎಂದು ಕೇಳಿದಳು.

ಬೋರಣ್ಣ ಸಿಟ್ಟಾಗಲಿಲ್ಲ. ನಿಧಾನವಾಗಿ ಹೇಳಿದ: "ನಮ್ಮ ತಾಯಂದ್ರೂ ಅಲ್ಲೇ ಇದ್ದು ಬಂದವರು ಕಣಮ್ಮ. ಉಳ್ಳವರಿಗೊಂದು, ಇಲ್ಲದವರಿಗೊಂದು ಅಂತ ಮಾಡಿಲ್ಲ. ಕಟ್ಟು ಎಲ್ರಿಗೂ ಒಂದೇ."

"ಕಟ್ಟು ಒಂದೇ ಬಾವ, ಗುಡ್ಲು ಒಂದೇ ಅಲ್ಲ," ಅಂದಳು ಕ್ಯಾತಮ್ಮ. "ನನಗೆ ಹಾಕ್ಕೊಡೋಕೆ ನೀವೆಲ್ಲ ಇದ್ರಿ. ಆ ಹೆಣ್ಣಿಗೆ ಯಾರಿದ್ರು?"

ಗೋಡೆ ಎಬ್ಬಿಸಿದರೆ ದೇವರು ಮುನಿದಾನು ಎಂದು ಹಿರಿಯರಲ್ಲಿ ಒಬ್ಬರು ಹೇಳಿದರು, ಆಮೇಲೆ ಯೋಚಿಸೋಣ ಎಂದು ಇನ್ನೊಬ್ಬರು. ಮಾತು ಅಲ್ಲಿಗೇ ಬಿತ್ತು.

ಆಮೇಲೆ ಕ್ಯಾತಮ್ಮ ಮನೆಮನೆಗೆ ಹೋದಳು. ಹೆಂಗಸರಲ್ಲೇ ಕೆಲವರು ಅವಳನ್ನು ಬೈದರು. ಮುದುಕಿ ಬೊಮ್ಮಕ್ಕ, ಉಂಡು ಸುಖವಾಗಿರುವವಳಿಗೆ ಇಲ್ಲದ ಉಸಾಬರಿ ಎಂದು ಮುಖ ತಿರುಗಿಸಿದಳು. ಕ್ಯಾತಮ್ಮ ವಾದ ಮಾಡಲಿಲ್ಲ. ಪ್ರತಿಯೊಬ್ಬಳ ಹತ್ತಿರ ಕೂತು, ನಿನ್ನ ಗುಡ್ಲು ಎಲ್ಲಿ ಸೋರುತ್ತಿತ್ತು, ನಿನಗೆ ಬಿಸಿನೀರು ಯಾರು ಕೊಟ್ಟರು ಎಂದು ಕೇಳಿದಳು. ಹೀಗೆ ಕೇಳಿದವರು ಯಾರೂ ಹಿಂದೆ ಇರಲಿಲ್ಲ. ಅವರೆಕಾಯಿ ಸುಲಿಯುತ್ತ, ಉಣ್ಣೆ ಹಿಂಜುತ್ತ ಹೆಂಗಸರು ಬಾಯಿ ಬಿಟ್ಟರು.

ಎರಡನೆಯ ಸಲ ಮರದಡಿಗೆ ಹೋಗುವಾಗ ಅವಳು ಪುಟ್ಟಕ್ಕನನ್ನು ಜೊತೆಗೆ ಕರೆದಳು. ಪುಟ್ಟಕ್ಕ ಒಪ್ಪಲಿಲ್ಲ. ನೀನೇ ಯೋಳು ಅತ್ತೆ, ನಂಗೆ ಬಾಯಿ ಬರಾಕಿಲ್ಲ ಎಂದು ಕೈ ಹಿಡಿದುಕೊಂಡಳು.

"ನಾನು ಯೋಳಿದ್ರೆ ಅದು ನನ್ನ ಮಾತಾಯ್ತದೆ," ಅಂದಳು ಕ್ಯಾತಮ್ಮ. "ನೆಂದವಳು ನೀನು. ನೀನೇ ಯೋಳು, ನಾನು ಪಕ್ಕದಾಗೆ ನಿಂತಿರ್ತೀನಿ."

ಗಂಡಸರ ಮುಂದೆ ನಿಂತಾಗ ಪುಟ್ಟಕ್ಕನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಹಾಗೇ ಹೇಳಿದಳು: "ನೆಲದ ಮ್ಯಾಲೆ ನೀರು ಹರೀತಿತ್ತು. ಮಗೀನ ಇಡಾಕೆ ಜಾಗ ಇರ್ಲಿಲ್ಲ. ರೊಪ್ಪದಾಗೆ ಕುರಿಮರಿಗಳು ಗೂಡೊಳಗೆ ಬೆಚ್ಚಗೆ ಮಲಗಿದ್ವು. ನನ್ನ ಮಗೀನ ಅವುಗಳ ಜೊತೇಲಾದ್ರೂ ಮಲಗಿಸಿ ಬರಾನ ಅನ್ನಿಸ್ತು."

ಬೇಲಿಯ ಹಿಂದಿನಿಂದ ಬೊಮ್ಮಕ್ಕ ಕೋಲೂರಿಕೊಂಡು ಬಂದಳು. ತನ್ನ ಎರಡನೆಯ ಕೂಸು ಅಂಥದೇ ಮಳೆಯಲ್ಲಿ ಹೋಯಿತೆಂದೂ, ದೇವರ ಇಚ್ಛೆ ಅಂದುಕೊಂಡು ಇಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದೆನೆಂದೂ ಹೇಳಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಬೋರಣ್ಣ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಗುಡ್ಲು ಬೇಲಿಯಾಚೆಯೇ ಇರಬೇಕು, ಅದರಲ್ಲಿ ಬದಲಿಲ್ಲ ಅಂದ. ಆಮೇಲೆ, "ಗೋಡೆ ಎಬ್ಬಿಸಾನ. ಮಣ್ಣಿಂದು ಸಾಕು. ನಾಳೆಯಿಂದ ಮನೆಗೊಬ್ಬರು ಬರ್ರಿ," ಅಂದ.

ಗೋಡೆ ಎದ್ದಿತು. ಮಣ್ಣು ತುಳಿಯಲು ಬೋರಣ್ಣನೇ ಪಂಚೆ ಎತ್ತಿ ಕಟ್ಟಿ ಇಳಿದ. ಆ ಕೆಸರಿನ ಗುಂಡಿಯ ಸುತ್ತ ಹೆಂಗಸರು ನೀರು ಹೊತ್ತು ಹಾಕುತ್ತ, ಗಂಡಸರನ್ನು ಗೇಲಿ ಮಾಡುತ್ತ ನಕ್ಕ ನಗು ಹಟ್ಟಿಯಲ್ಲಿ ಹಿಂದೆ ಕೇಳಿದ್ದಿಲ್ಲ, ಮುಂದೆಯೂ ಕೇಳಲಿಲ್ಲ ಎಂದು ಪುಟ್ಟಕ್ಕ ಹೇಳುತ್ತಿದ್ದಳು. ಅವಳ ಮಿಕ್ಕ ಮಕ್ಕಳು ಆ ಗೋಡೆಗಳ ನಡುವೆಯೇ ಹುಟ್ಟಿದವು. ಸಂಜೆ ಹೊತ್ತು ಕ್ಯಾತಮ್ಮ ಬಾಗಿಲಿಂದಾಚೆ ಕಲ್ಲಿನ ಮೇಲೆ ಕೂತು, ಒಳಗಿನ ಬಾಣಂತಿಗೆ ಹಟ್ಟಿಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಒಳಗಿದ್ದವಳಿಗೆ ಒಂಟಿಯಾಗಿದ್ದೇನೆ ಅನ್ನಿಸುತ್ತಲೇ ಇರಲಿಲ್ಲ.

ಆದರೆ ಸೂತಕದ ದಿನಗಳನ್ನು ಕಡಿಮೆ ಮಾಡಿ ಎಂದು ಕ್ಯಾತಮ್ಮ ಸಾಯುವವರೆಗೂ ಕೇಳಿದಳು. ಅದು ಮಾತ್ರ ಆಗಲಿಲ್ಲ. ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಒಂದು ಬೇಸಿಗೆಯಲ್ಲಿ, ಅವಳು ಜ್ವರದಲ್ಲಿ ತೀರಿಕೊಂಡಳು.

ಮರುವರ್ಷ ಪಾವಗಡದ ಕಡೆಯ ಒಂದು ಹಟ್ಟಿಯಿಂದ ಇಬ್ಬರು ಹೆಂಗಸರು, ಗೋಡೆ ಗುಡ್ಲಿನ ವಿಷಯ ಕೇಳಿ, ತಮ್ಮಲ್ಲೂ ಅದನ್ನು ಕಟ್ಟಿಸಬೇಕೆಂದು ಅವಳನ್ನು ಹುಡುಕಿಕೊಂಡು ಬಂದರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅವಳು ತೀರಿಹೋದ ಸುದ್ದಿ ತಿಳಿದು ಅವರು ಅಂಗಳದಲ್ಲೇ ಅತ್ತರು. ಪುಟ್ಟಕ್ಕ ಅವರಿಗೆ ಮಜ್ಜಿಗೆ ಕೊಟ್ಟು, ಹಿರಿಮಗನ ಹೆಂಡತಿಗೆ ಮನೆ ಒಪ್ಪಿಸಿ, ಅವರ ಜೊತೆ ಹೊರಟಳು. ಅಲ್ಲಿನ ಹಿರಿಯರ ಮುಂದೆ ಅವಳು ತಾನಾಗಿ ಏನೂ ಹೇಳಲಿಲ್ಲ. ಮೊನ್ನೆಯಷ್ಟೇ ಸೂತಕ ಕಳೆದಿದ್ದ ಹುಡುಗಿಯೊಬ್ಬಳ ಪಕ್ಕದಲ್ಲಿ ನಿಂತಿದ್ದಳು. ಆ ಹುಡುಗಿ ತೆಲುಗಿನಲ್ಲಿ, ತಡವರಿಸುತ್ತ, ಎಲ್ಲವನ್ನೂ ಹೇಳಿದಳು. ಅಲ್ಲಿಯೂ ಮಣ್ಣು ಕಲಸುವುದೆಂದಾಯಿತು.

ವಾಪಸು ಬರುವಾಗ ಪುಟ್ಟಕ್ಕನಿಗೆ ಹಿಗ್ಗು ತಡೆಯಲಾಗಲಿಲ್ಲ. ಹೇಳಿಕೊಳ್ಳಲು ಮಾತ್ರ ಪಕ್ಕದ ಮನೆಯಲ್ಲಿ ಕ್ಯಾತಮ್ಮ ಇರಲಿಲ್ಲ.