ಮೊಮ್ಮಗಳ ಕಿವಿ ಚುಚ್ಚುವ ತನಕ

ನಿನ್ನೆ ನನ್ನ ಮೊಮ್ಮಗಳು ಅಂಗಡಿಗೆ ಬಂದು ಊದುಗೊಳವೆ ಹಿಡಿದು ಊದಿದಳು. ಕೆಂಡ ಉರಿಯಲಿಲ್ಲ, ಬೂದಿ ಎದ್ದು ಅವಳ ಮುಖಕ್ಕೇ ಮೆತ್ತಿಕೊಂಡಿತು. ಸೀನಿದಳು, ನಕ್ಕಳು, ಮತ್ತೆ ಊದಿದಳು. ಕಿವಿಯಲ್ಲಿ ನಾನೇ ಮಾಡಿದ ಓಲೆ ಅಲ್ಲಾಡುತ್ತಿತ್ತು. ನಡೆದದ್ದು ಇಷ್ಟೇ. ಆದರೆ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಎದುರಿನ ಹೂವಿನವಳಿಗೆ ಹೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರಿಗೂ ಹೇಳಿದೆ. ಇನ್ನೂ ಮುಗಿಯಲಿಲ್ಲ, ಈಗ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಅಪ್ಪನ ಅಗ್ಗಿಷ್ಟಿಕೆಯ ಮುಂದೆ ಕೂತವನು ನಾನು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಪಾಂಡವಪುರದಲ್ಲಿ ನನ್ನದು ಅಕ್ಕಸಾಲಿ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟಗಲ. ಒಡವೆ ಮಾಡಿಸಲು ಬರುವವರಿಗಿಂತ ಮಕ್ಕಳ ಕಿವಿ ಚುಚ್ಚಿಸಲು ಬರುವವರೇ ಹೆಚ್ಚು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಬಾಯಿಗೊಂದು ಚೂರು ಬೆಲ್ಲ ಇಟ್ಟು, "ಕಾಗೆ ನೋಡು, ಕಾಗೆ" ಅನ್ನುವಷ್ಟರಲ್ಲಿ ಚಿನ್ನದ ತಂತಿ ಕಿವಿಯ ಆ ಕಡೆಗೆ ಬಂದಿರಬೇಕು. ಆಮೇಲೆ ಕಿವಿಯ ಹತ್ತಿರ ಬಾಯಿ ತಂದು ಮೂರು ಸಲ ಊದುತ್ತೇನೆ. ನಮ್ಮಪ್ಪನೂ ಊದುತ್ತಿದ್ದರು, ಅವರಪ್ಪನೂ ಊದುತ್ತಿದ್ದರಂತೆ. ಊದಿದರೆ ಉರಿ ಇಳಿಯುತ್ತದೋ ಇಲ್ಲವೋ ಕಾಣೆ. ಮಗು ಮಾತ್ರ ಅಳುವುದನ್ನು ಒಂದು ಗಳಿಗೆ ನಿಲ್ಲಿಸಿ, ಇದೇನಪ್ಪಾ ಎಂದು ನನ್ನ ಮುಖ ನೋಡುತ್ತದೆ. ಊದದೆ ಎದ್ದರೆ ತಾಯಂದಿರು ಜಾಗ ಬಿಟ್ಟು ಕದಲುವುದಿಲ್ಲ. "ಊದ್ಲಿಲ್ವಲ್ಲ ಆಚಾರ್ರೆ" ಎಂದು ಕೇಳಿ ಊದಿಸಿಕೊಂಡೇ ಹೋಗುತ್ತಾರೆ.

ನನಗಿರುವವಳು ಒಬ್ಬಳೇ ಮಗಳು. ಚಿನಕುರಳಿಗೆ ಕೊಟ್ಟಿದ್ದೇವೆ. ಅಲ್ಲಿ ಆಶಾ ಕಾರ್ಯಕರ್ತೆಯಾಗಿ ಗುಲಾಬಿ ಸೀರೆ ಉಟ್ಟು ಮನೆಮನೆ ತಿರುಗುತ್ತಾಳೆ. ಅವಳವ್ವ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಕೊರೊನಾ ಬಂದು ಊರೆಲ್ಲ ಬಾಗಿಲು ಹಾಕಿದ ದಿನಗಳಲ್ಲಿ ಈ ಮೊಮ್ಮಗಳು ಹುಟ್ಟಿದಳು. ಚಿನಕುರಳಿಯ ರಸ್ತೆಗೆ ಕಲ್ಲು ಮುಳ್ಳು ಅಡ್ಡ ಹಾಕಿದ್ದರು. ಹೇಗೋ ದಾಟಿಕೊಂಡು ಹೋದೆ. ಮಗಳು ಜಗಲಿಯ ಮೇಲೆ ನಿಂತು ಬಟ್ಟೆಯ ಗಂಟಿನಂಥ ಕೂಸನ್ನು ಎತ್ತಿ ತೋರಿಸಿದಳು. ನಾನು ಅಂಗಳದಾಚೆ ಹೊಂಗೆಮರದ ಕೆಳಗೆ ನಿಂತು ನೋಡಿದೆ. ಮೂಗು ನನ್ನ ಹೆಂಡತಿಯದೇ ಎಂದು ಅಷ್ಟು ದೂರದಿಂದಲೇ ಹೇಳಿಬಿಟ್ಟೆ. ವರ್ಷ ತುಂಬುವುದರೊಳಗೆ ಕಿವಿ ಚುಚ್ಚುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಹೆಂಡತಿಯ ಮೂಗುಬೊಟ್ಟನ್ನು ಕರಗಿಸಿ ಎರಡು ಎಳೆ ತಂತಿ ಎಳೆದು, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ.

ಅಂಗಡಿಗಳನ್ನು ಅರ್ಧ ದಿನ ತೆರೆಯಬಹುದು ಎಂದಾಗ ಮೊದಲ ಜಗಳ ಶುರುವಾಯಿತು. ಮಾಸ್ಕು ಹಾಕಿದ್ದಾರೋ ಎಂದು ನೋಡಲು ಬಂದ ಪುರಸಭೆಯವರೊಬ್ಬರು ಬಾಗಿಲಲ್ಲಿ ನಿಂತು ಗದರಿದರು.

"ಏನ್ ತಾತ, ಮಾಸ್ಕೆಲ್ಲಿ?"

"ಬಾಯ್ ಮುಚ್ಕಂಡು ಬೆಂಕಿ ಊದೋದೆಂಗೆ ಸಾ? ನೀವೇ ಒಂದಪ ಊದಿ ತೋರ್ಸಿ" ಎಂದು ಊದುಗೊಳವೆ ಮುಂದೆ ಚಾಚಿದೆ.

ಬೀದಿ ಎರಡಾಯಿತು. ಆಚಾರ್ರು ಹೇಳೋದು ಸರಿ, ಹೊಟ್ಟೆಪಾಡು ಮುಚ್ಚಿಸೋಕೆ ಇವರ್ಯಾರು ಎಂದರು ಕೆಲವರು. ಊರವರ ತಾಳಿಗೆಲ್ಲ ಈ ಮುದುಕ ಉಸಿರು ಬಿಡ್ತಾನೆ, ಮೊದಲು ಇವನ ಬಾಗಿಲು ಹಾಕಿಸಿ ಎಂದರು ಇನ್ನು ಕೆಲವರು. ಎದುರು ಸಾಲಿನಲ್ಲಿ ಬಾಗಿಲು ಕಿಟಕಿ ಮಾಡುವ ಬಡಗಿ ನನ್ನ ಚಿಕ್ಕಂದಿನ ಗೆಳೆಯ. ಅವನು ಅಲ್ಲಿಂದಲೇ ಕೂಗಿದ: "ಲೇ, ನೀನು ಊದಿದ್ ತಾಳಿ ಕಟ್ಟುದ್ರೆ ಗಂಡು ಹೆಣ್ಣು ಒಂದೇ ಕೊರೊನಾ ವಾರ್ಡಲ್ಲಿ ಪ್ರಸ್ತ ಮಾಡ್ಕಬೇಕಾಯ್ತದೆ ಕಣ್ಲಾ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೆಯ ದಿನದಿಂದ ಅಂಗಡಿಗೆ ಯಾರೂ ಬರಲಿಲ್ಲ.

ಕೆಲಸವಿಲ್ಲದಿದ್ದರೂ ಅಗ್ಗಿಷ್ಟಿಕೆ ಹಚ್ಚುತ್ತಿದ್ದೆ. ಹೊಗೆ ಕಂಡರೆ ಯಾರಾದರೂ ಇಣುಕಬಹುದು ಎಂದು. ಮನೆಗೆ ಹೋದರೆ ಒಂದೇ ಮುದ್ದೆ ಕಟ್ಟುವುದು ನನ್ನ ಕೈಗೆ ಇನ್ನೂ ಬಂದಿರಲಿಲ್ಲ. ಹಿಟ್ಟು ಎರಡು ಮುದ್ದೆಗೆ ಆಗುವಷ್ಟೇ ಬೀಳುತ್ತಿತ್ತು. ಎರಡನೆಯದನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದೆ. ದಿನಾ ಸಂಜೆ ಮಗಳ ಫೋನು ಬರುತ್ತಿತ್ತು. ಹಗಲೆಲ್ಲ ಮಾತಾಡದೆ ಮಾತಾಡದೆ ಒಂದು ಸಂಜೆ ಅವಳಿಗೆ "ಹಲೋ" ಎಂದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ.

ಲಸಿಕೆ ಬಂದದ್ದು ಆಮೇಲೆ. ಮಗಳು ಮೊದಲು ನನಗೇ ಫೋನು ಮಾಡಿದಳು. ಹೂಂ ಎಂದೆ, ಹೋಗಲಿಲ್ಲ. ಎಷ್ಟೋ ಮಕ್ಕಳ ಕಿವಿ ಚುಚ್ಚಿದವನಿಗೆ ಸೂಜಿಯ ಭಯವೇ ಎಂದು ಕೇಳಬಹುದು. ಭಯವೇ. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ವಿಪರೀತವಾಗಿ ಆಸ್ಪತ್ರೆಗೆ ಸೇರಿಸಿದಾಗ, ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಅವಳು ಕಣ್ಣು ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಅದರಿಂದಲ್ಲ, ಕಾಯಿಲೆ ಕೈಮೀರಿತ್ತು ಎಂದು ಡಾಕ್ಟರು ಸಮಾಧಾನವಾಗಿ ತಿಳಿಸಿ ಹೇಳಿದ್ದರು. ತಲೆ ಒಪ್ಪಿತ್ತು. ಆದರೆ ಸೂಜಿ ಎಂದ ಕೂಡಲೇ ಆ ಮಂಚವೇ ಕಣ್ಣಿಗೆ ಕಟ್ಟುತ್ತಿತ್ತು.

ಇದನ್ನು ಯಾರ ಮುಂದೆ ಹೇಳುವುದು? ಅದಕ್ಕೆ ಟೀ ಅಂಗಡಿಯ ಮುಂದೆ ಜನ ಲಸಿಕೆಯ ಬಗ್ಗೆ ಕೇಳಿದಾಗ ಬೇರೆ ಮಾತು ಆಡಿದೆ. "ಒರೆಗಲ್ಲಿಗೆ ಅಚ್ಚದೆ ಚಿನ್ನ ಅಂತ ನಾನು ಯಾವತ್ತೂ ಯೋಳ್ದೋನಲ್ಲ. ಇದ್ನ ಯಾವ ಕಲ್ಲಿಗೆ ಉಜ್ಜಿ ನೋಡವ್ರೆ?" ಎಂದೆ. ಬೆಂಚಿನ ಮೇಲಿದ್ದವರು ತೊಡೆ ತಟ್ಟಿಕೊಂಡು ಭೇಷ್ ಎಂದರು. ತಿಂಗಳುಗಟ್ಟಲೆ ಯಾರೂ ಮಾತಾಡಿಸದವನ ಸುತ್ತ ಅವತ್ತು ಜನ ನೆರೆದಿದ್ದರು. ನನಗೂ ಹಿಗ್ಗಾಯಿತು. ಇನ್ನೊಂದು ಟೀ ಕುಡಿದು, ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದೆ.

ಮಾತು ಚಿನಕುರಳಿಗೆ ನನಗಿಂತ ಮೊದಲು ಹೋಯಿತು. ನಾಲ್ಕೇ ದಿನಕ್ಕೆ ಮಗಳು ಬಂದಳು. ಒಳಗೆ ಕಾಲಿಡಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು.

"ಟೀ ಅಂಗ್ಡಿ ತಾವ ಭಾಷ್ಣ ಮಾಡ್ದಂತಲ್ಲಪ್ಪ?"

"ಭಾಷ್ಣ ಎಲ್ಲವ್ವ. ಕೇಳುದ್ರು, ಯೋಳ್ದೆ."

"ನಾನು ಒಂದೊಂದ್ ಮನೆ ಮುಂದ್ಲೂ ನಿಂತ್ಕಂಡು ಕೈ ಮುಗೀತಾ ಇವ್ನಿ. ಅವ್ರು ಏನಂತಾರೆ ಗೊತ್ತಾ? 'ಸೂಜಿ ಹಿಡಿಯೋ ಆಚಾರ್ರೇ ಬ್ಯಾಡ ಅಂದವ್ರಂತೆ, ಮೊದ್ಲು ನಿಮ್ಮಪ್ಪನ್ಗೆ ಆಕ್ಸವ್ವ, ಆಮೇಕೆ ಬಾ' ಅಂತ ಬಾಗ್ಲಾಕ್ತಾರೆ."

"ನಂಗೆ ನಂಬ್ಕೆ ಇಲ್ಲ ಕಣವ್ವ, ಏನ್ ಮಾಡ್ಲಿ?"

"ಹಸಿ ಕೂಸ್ನ ತಂದು ನಿನ್ ಮುಂದೆ ಕೂರುಸ್ತಾರಲ್ಲ, ಅವ್ರು ನಿನ್ನ ಯಾವ ಕಲ್ಲಿಗೆ ಉಜ್ಜಿ ನೋಡವ್ರೆ?"

ಅಲ್ಲಿಗೇ ಸುಮ್ಮನಿರಬೇಕಿತ್ತು. "ನಿಮ್ಮವ್ವನ್ಗೆ ಆಗಿದ್ದ ಮರ್ತ್ ಬುಟ್ಟಾ?" ಎಂದುಬಿಟ್ಟೆ.

ಅವಳ ಕಣ್ಣು ತುಂಬಿತು. "ಅವ್ವ ಸೂಜಿಯಿಂದ ಓದ್ಲಾ ಅಪ್ಪ? ಇವತ್ತು ನಾಳೆ ಅಂತ ಆಸ್ಪತ್ರೆಗೆ ಕರ್ಕಂಡೋಗ್ದೆ ಮನೇಲೇ ಇಟ್ಕಂಡಿದ್ದೋರು ನಾವು. ಅದ್ನ ಸೂಜಿ ಮ್ಯಾಲೆ ಆಕ್‌ಬ್ಯಾಡ." ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು: "ಎಲ್ಡು ಡೋಸೂ ಆಗೋಗಂಟ ಕೂಸ್ನ ಮುಟ್ಟಂಗಿಲ್ಲ ನೀನು. ಮಾಸ್ಕ್ ಆಕ್ಕಂಡ್ ಬತ್ತೀನಿ ಅಂದ್ರೂ ಬ್ಯಾಡ. ನೀನು ಊದೋನು. ಯಾರ್ ಬ್ಯಾಡ ಅಂದ್ರೂ ಊದ್ತೀಯ."

"ಅಂಗಾದ್ರೆ ಬ್ಯಾರೆಯೋರ ಕೈಲೇ ಚುಚ್ಚುಸ್ಕೊ ಓಗು" ಎಂದೆ.

ಅವಳು ಬಸ್ಸಿನ ಕಡೆ ನಡೆದಳು.

ಆಮೇಲೆ ಸಂಜೆಯ ಫೋನೂ ನಿಂತಿತು. ಎರಡನೇ ಅಲೆ ಬಂತು, ಹೋಯಿತು. ಗೆಳೆಯ ಬಡಗಿ ಯಾರಿಗೂ ಹೇಳದೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದ. ಊರು ತೆರೆಯಿತು, ಕಬ್ಬಿನ ಗಾಡಿಗಳು ಓಡಾಡಿದವು, ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲೆಯ ನಡುವೆಯೇ ಮೊಮ್ಮಗಳಿಗೆ ವರ್ಷ ತುಂಬಿತ್ತು. ಅವತ್ತು ನಾನು ಹತ್ತಿಯ ಡಬ್ಬಿ ತೆರೆದು ತಂತಿ ನೋಡಿದೆ, ಮುಚ್ಚಿದೆ. ಇಷ್ಟರಲ್ಲಿ ಯಾರು ಚುಚ್ಚಿರಬಹುದು? ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಗನ್ನಿನಲ್ಲಿ ಚುಚ್ಚುತ್ತಾರಂತೆ, ಟಕ್ ಅಂದರೆ ಮುಗಿಯಿತಂತೆ. ಅಲ್ಲಿಗೇ ಹೋಗಿರುತ್ತಾಳೆ ಎಂದುಕೊಂಡೆ. ಆ ಟಕ್ ಎನ್ನುವ ಸದ್ದು ಕೂತಲ್ಲಿ ನಿಂತಲ್ಲಿ ಕೇಳಿಸುತ್ತಿತ್ತು. ಚುಚ್ಚಿದವರು ಊದಿದರೋ ಇಲ್ಲವೋ ಎಂಬುದೊಂದು ಕೊರಗು ಬೇರೆ.

ಹೀಗಿರುವಾಗ ಚಿನಕುರಳಿಯ ಹೆಂಗಸೊಬ್ಬಳು ಮೊಮ್ಮಗನನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ತಂತಿ ಕಾಯಿಸುತ್ತಿದ್ದವನನ್ನು ನೋಡುತ್ತ ಮಾತಿಗೆ ಶುರುವಿಟ್ಟಳು.

"ಊರೋರ್ ಮಕ್ಳಿಗೆಲ್ಲ ಚುಚ್ತೀರಿ ಆಚಾರ್ರೆ, ನಿಮ್ಮ್ ಮೊಮ್ಮಗಳದು ಇನ್ನೂ ಬೋಳ್ ಕಿವಿ."

ಕೈಯಲ್ಲಿದ್ದ ಇಕ್ಕಳ ಜಾರಿತು. "ಚುಚ್ಚಿಲ್ವಾ?"

"ಎಲ್ಲಿ ಚುಚ್ಚವ್ರೆ! ಅವ್ರತ್ತೆ ದಿನಾ ಬಯ್ತದೆ, ಮೈಸೂರ್ಗಾದ್ರೂ ಕರ್ಕಂಡೋಗು ಅಂತ. ನಿಮ್ಮಗಳು ಕೇಳ್‌ಬೇಕಲ್ಲ. 'ನಮ್ಮಪ್ಪ ಬದುಕವ್ರೆ, ಅವ್ರೇ ಚುಚ್ಚೋದು' ಅಂತ ಒಂದೇ ಅಟ."

ಬಗ್ಗಿ ಇಕ್ಕಳ ಎತ್ತಿಕೊಂಡೆ. ಹೆಂಗಸು ಇನ್ನೂ ಮಾತು ನಿಲ್ಲಿಸಿರಲಿಲ್ಲ. "ನಾವೂ ಇಂಜೆಕ್ಷನ್ ಆಕಿಸ್ಕಂಡಿಲ್ಲ ಬುಡಿ. ನಮ್ಮನೇಲಿ ಎಲ್ರೂ ನಿಮ್ಮ್ ಮಾತೇ ಹಿಡ್ಕಂಡವ್ರೆ."

ಅವತ್ತು ಆ ಮಗುವಿಗೆ ಚುಚ್ಚಲಾಗಲಿಲ್ಲ. ಇನ್ನೊಂದು ದಿನ ಬಾರವ್ವ ಎಂದು ಕಳಿಸಿದೆ. ಮಗಳು ಅಷ್ಟು ದಿನ ಕಾದಿದ್ದಳು ಎಂಬ ಸಂತೋಷ ಒಂದು ಕಡೆ. ನನ್ನ ಒಂದು ಟೀ ಕುಡಿಯುವಷ್ಟು ಹೊತ್ತಿನ ಮಾತನ್ನು ಯಾವ ಯಾವ ಮನೆಯವರು ಹಿಡಿದುಕೊಂಡು ಕೂತಿದ್ದಾರೋ ಎಂಬ ದಿಗಿಲು ಇನ್ನೊಂದು ಕಡೆ.

ಲಸಿಕೆ ಪಾಂಡವಪುರದಲ್ಲೇ ಸಿಗುತ್ತಿತ್ತು. ಆದರೆ ನಾನು ಚಿನಕುರಳಿಯ ಬಸ್ಸು ಹತ್ತಿದೆ. ಶಾಲೆಯ ಜಗಲಿಯ ಮೇಲೆ ಮೇಜು ಹಾಕಿಕೊಂಡು ಮಗಳು ಹೆಸರು ಬರೆಯುತ್ತಿದ್ದಳು. ಹಾಕಿಸಿಕೊಳ್ಳಲು ಬಂದವರು ಬೆರಳೆಣಿಕೆಯಷ್ಟು. ಅರಳಿಕಟ್ಟೆಯ ಮೇಲೆ ಕೂತು ನೋಡುವವರು ಹೆಚ್ಚು. ಸಾಲಿನಲ್ಲಿ ನಿಂತು ನನ್ನ ಸರದಿ ಬಂದಾಗ ಅವಳು ತಲೆ ಎತ್ತದೆ ಕೇಳಿದಳು.

"ಹೆಸ್ರು ಹೇಳಿ."

"ನಿಮ್ಮಪ್ಪನ್ ಹೆಸ್ರು ಮರ್ತೋಯ್ತಾ?"

ಪೆನ್ನು ನಿಂತಿತು. ತಲೆ ಎತ್ತಿದಳು. ನಗಬೇಕೋ ಬಯ್ಯಬೇಕೋ ತಿಳಿಯದೆ, "ಆಧಾರ್ ಕಾರ್ಡು ತಂದಿದ್ದೀಯ?" ಎಂದಳು.

ಕಟ್ಟೆಯ ಮೇಲಿಂದ ಒಬ್ಬ ಮುದುಕ ಕೂಗಿದ: "ಏನಾಚಾರ್ರೆ, ಕಲ್ಲಿಗೆ ಉಜ್ಜಿ ನೋಡುದ್ರಾ?"

"ನನ್ನ ಮಗ್ಳು ನೋಡವ್ಳೆ, ಅಷ್ಟ್ ಸಾಕು" ಎಂದೆ. ಹೇಳಬೇಕಾದದ್ದು ಅಷ್ಟಕ್ಕೇ ಮುಗಿಯಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, "ಅವತ್ತು ನಾನು ತಿಳ್ಕಂಡ್ ಆಡಿದ್ ಮಾತಲ್ಲ ಅದು. ಎದ್ರಿಕೇಲಿ ಆಡಿದ್ದು. ನನ್ ಮಾತ್ ಇಡ್ಕಂಡು ಕೂತಿದ್ರೆ ಬುಟ್ ಬುಡಿ" ಎಂದೆ. ಪಕ್ಕದಲ್ಲಿದ್ದ ನರ್ಸಮ್ಮ ತೋಳು ಒರೆಸಿ, "ಅತ್ತಗೆ ನೋಡಿ ತಾತ, ಕೋತಿ ಬಂದದೆ" ಎಂದರು. ನೋಡಿದೆ. ಕೋತಿ ಇರಲಿಲ್ಲ. ಇತ್ತ ತಿರುಗುವಷ್ಟರಲ್ಲಿ ಹತ್ತಿ ಒತ್ತುತ್ತಿದ್ದರು. ನನ್ನ ಕಾಗೆಯನ್ನೇ ನನಗೆ ತಿರುಗಿಸಿದ್ದರು! ನಗು ತಡೆಯಲಾಗದೆ ಮೇಜು ಹಿಡಿದುಕೊಂಡೆ.

ಅವತ್ತು ಕಟ್ಟೆಯಿಂದ ಕೆಲವರು ಎದ್ದು ಬಂದು ಸಾಲಿಗೆ ನಿಂತರು. ಆ ಮುದುಕ ಏಳಲಿಲ್ಲ. ಮಗಳು ಮೊಮ್ಮಗಳನ್ನು ಮಾತ್ರ ಕೈಗೆ ಕೊಡಲಿಲ್ಲ. ಎರಡನೆಯದೂ ಆಗಲಿ ಎಂದಳು. ಕೂಸು ಅಲ್ಲಿಗೆ ಬಂದಿದ್ದ ಬೀಗರ ಹೆಗಲಿನ ಮೇಲಿಂದ ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿತು. ಅದಕ್ಕೆ ನಾನು ಹೊಸಬನೇ. ಬಸ್ಸಿನ ಕಿಟಕಿಯ ಪಕ್ಕ ಕೂತು ಊರು ಬರುವ ತನಕ ಆ ನೋಟವನ್ನೇ ನೆನೆದೆ. ಎರಡನೆಯದಕ್ಕೆ ಇನ್ನೂ ಎರಡೂವರೆ ಮೂರು ತಿಂಗಳಿತ್ತು. ಸಂಜೆಯ ಫೋನು ಮಾತ್ರ ಮತ್ತೆ ಶುರುವಾಯಿತು. ಅದರ ಮೇಲೆ ದಿನ ತಳ್ಳಿದೆ.

ಕೊನೆಗೆ ಎರಡನೆಯದೂ ಆಗಿ, ನನ್ನ ಅಂಗಡಿಯಲ್ಲಿ ಕಿವಿ ಚುಚ್ಚುವ ದಿನ ಬಂತು. ಅಷ್ಟರಲ್ಲಿ ಊರಿನಲ್ಲಿ ಮಾಸ್ಕು ಹಾಕುವವರೇ ಇರಲಿಲ್ಲ. ನಾನೊಬ್ಬ ಹಾಕಿಕೊಂಡು ಕೂತದ್ದನ್ನು ನೋಡಿ ಹೋಗಿ ಬರುವವರು ನಗುತ್ತಿದ್ದರು. ಕೂಸಿಗೆ ಸೋದರಮಾವ ಇಲ್ಲ, ನನಗೆ ಗಂಡುಮಕ್ಕಳಿಲ್ಲವಲ್ಲ. ಗೆಳೆಯ ಬಡಗಿಯೇ ತಾನಾಗಿ ಬಂದು ತೊಡೆ ಕೊಟ್ಟ. "ಬೇಗ ಚುಚ್ಚಲಾ, ಕೂಸು ನನ್ ಪಂಚೆ ನೆನೆಸ್ಬುಟ್ಟದೆ" ಎಂದ. ಬೆಲ್ಲ ಇಟ್ಟರು, ಕಾಗೆ ತೋರಿಸಿದರು. ಅವಳವ್ವನಿಗೆ ಚುಚ್ಚಿದ ಕೈ, ಅವಳಜ್ಜಿಯ ಚಿನ್ನ. ಒಂದು ಕಿವಿ. ಇನ್ನೊಂದು ಕಿವಿ. ಮೊಮ್ಮಗಳು ಬೀದಿ ಹಾರಿಹೋಗುವ ಹಾಗೆ ಅತ್ತಳು.

ನಾನು ಬಗ್ಗಿ ಊದಿದೆ. ಉಸಿರು ಬಟ್ಟೆಗೆ ತಗುಲಿ ನನ್ನ ಕಣ್ಣಿಗೇ ಬಂತು, ಕನ್ನಡಕ ಮಂಜಾಯಿತು. ಮಾಸ್ಕು ಇರುವುದನ್ನೇ ಮರೆತಿದ್ದೆ. ಮತ್ತೆ ಊದಿದೆ, ಮತ್ತೆ ಹಾಗೇ. ತೆಗೆಯಲು ಕೈ ಬರಲಿಲ್ಲ. ನೀನು ಊದೋನು ಎಂದು ಮೆಟ್ಟಿಲ ಕೆಳಗೆ ನಿಂತು ಹೇಳಿದ್ದಳಲ್ಲ. ಮಗು ಅಳುತ್ತಲೇ ಇತ್ತು. ಆಗ ಹಿಂದಿನಿಂದ ಯಾರೋ ನನ್ನ ಕಿವಿ ಮುಟ್ಟಿದ ಹಾಗಾಯಿತು. ಮಗಳು ಮಾಸ್ಕಿನ ದಾರವನ್ನು ಒಂದು ಕಿವಿಯಿಂದ ಬಿಡಿಸುತ್ತಿದ್ದಳು.

"ಊದಪ್ಪ" ಎಂದಳು.

ಮೂರು ಸಲ ಊದಿದೆ. ಮೊಮ್ಮಗಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ತುಟಿ ಮುಂದೆ ಮಾಡಿ, ಎಂಜಲು ಸಿಡಿಸುತ್ತ, ನನ್ನ ಮೂಗಿನ ಮೇಲೆ ತಿರುಗಿ ಊದಿದಳು.

ಅವತ್ತಿನ ಖುಷಿಯನ್ನು ಇಷ್ಟು ವರ್ಷವಾದರೂ ಖರ್ಚು ಮಾಡುತ್ತಲೇ ಇದ್ದೇನೆ, ಮುಗಿಯುತ್ತಿಲ್ಲ. ಆದರೂ ಒಂದು ಮಾತು ಬರೆಯದಿದ್ದರೆ ಸುಳ್ಳಾಗುತ್ತದೆ. ನನ್ನ ಟೀ ಅಂಗಡಿ ಮಾತು ನಂಬಿ ಕೂತವರಲ್ಲಿ ಯಾರಿಗೆ ಏನಾಯಿತು ಎಂದು ನಾನು ಮಗಳನ್ನು ಕೇಳಿಲ್ಲ. ಅವಳೂ ಹೇಳಿಲ್ಲ. ಚಿನಕುರಳಿಯ ಕೆಲವು ಮನೆಗಳಿಂದ ಈಗ ಯಾರೂ ಮಕ್ಕಳನ್ನು ಕರೆತರುವುದಿಲ್ಲ. ಮೈಸೂರಿಗೆ ಹೋಗುತ್ತಾರೋ, ಬೇರೆ ಕಾರಣವೋ. ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಕೂತಾಗ ಅದು ನೆನಪಿಗೆ ಬರುತ್ತದೆ.

ನಿನ್ನೆ ಬಂದವರು ನಿನ್ನೆಯೇ ನಾಲ್ಕು ಗಂಟೆ ಬಸ್ಸಿಗೆ ಹೊರಟುಹೋದರು. ಮೊಮ್ಮಗಳಿಗೆ ಸ್ಕೂಲು, ಮಗಳಿಗೆ ಡ್ಯೂಟಿ. ದಿನಾ ಸಂಜೆ ಫೋನು ಬರುತ್ತದೆ. ಮಗಳು ಊಟದ ವಿಚಾರ ಕೇಳಿದ ಮೇಲೆ ಮೊಮ್ಮಗಳು ಕಿತ್ತುಕೊಂಡು, "ತಾತಾ, ಊದ್ತೀನಿ, ಕಿವಿ ಕೊಡು" ಅನ್ನುತ್ತಾಳೆ. ಮೂರು ಸಲ ಊದುತ್ತಾಳೆ. ಗಾಳಿ ತಗಲುವುದಿಲ್ಲ, ಬುಸ್ ಬುಸ್ ಎಂದು ಸದ್ದಷ್ಟೇ. ಸದ್ದು ನಿಂತು ಫೋನು ಕಟ್ಟಾದ ಮೇಲೂ ನಾನು ಅದನ್ನು ಕಿವಿಗೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿರುತ್ತೇನೆ.