ಮೂರು ನೀರಿನಲ್ಲಿ ತೊಳೆದ ಸೊಪ್ಪು

ಇವತ್ತು ಬೆಳಿಗ್ಗೆ ನಡುಮನೆಯ ಬೀರುವಿನ ಗಾಜಿನ ಮೇಲೆ ಕೂತಿದ್ದ ಧೂಳಿನಲ್ಲಿ ಯಾರೋ ಬೆರಳಿನಿಂದ ‘ಅಜ್ಜಿ ಗೂಬೆ’ ಎಂದು ಬರೆದಿದ್ದರು. ಅಕ್ಷರ ದುಂಡಗೆ, ನೋಡಲು ಚೆನ್ನಾಗಿಯೇ ಇತ್ತು. ನಿಮ್ಮಿಬ್ಬರನ್ನೂ ಕರೆದು ಕೇಳಿದೆ. ದೊಡ್ಡವಳು ಸೂರು ನೋಡಿದಳು. ಚಿಕ್ಕವನು, “ಗಾಳಿ ಇರ್ಬೇಕು ಅಜ್ಜಿ,” ಎಂದ. ಒತ್ತಕ್ಷರ ತಪ್ಪದೆ ಬರೆಯುವ ಗಾಳಿಯನ್ನು ನಾನು ಈ ಸೀಮೆಯಲ್ಲಿ ಇದುವರೆಗೆ ಕಂಡಿಲ್ಲ.

ಆ ಗಾಜನ್ನು ನಿನ್ನೆ ಸಂಜೆಯಷ್ಟೇ ಒರೆಸಿದ್ದೆ. ಮಾಘ ಕಳೆದ ಮೇಲೆ ನಮ್ಮ ಕಡೆ ಒಂದು ರಾತ್ರಿ ಸಾಕು, ಕಾಗುಣಿತ ತಿದ್ದುವಷ್ಟು ಧೂಳು ಕೂರುತ್ತದೆ. ಈಗ ಮೋಟಾರು ಬಸ್ಸಿನ ಧೂಳು, ಆಗ ಎತ್ತಿನ ಗಾಡಿಯದು. ಬಸ್ಸಿನ ಧೂಳು ಹೇಳಿದ ಹೊತ್ತಿಗೆ ಬರುತ್ತದೆ, ಅದೊಂದೇ ಸುಧಾರಣೆ.

ಅಜ್ಜಿಗೆ ಧೂಳು ಕಂಡರೆ ಆಗದು, ಹುಟ್ಟಿದ್ದೇ ಪೊರಕೆ ಹಿಡಿದುಕೊಂಡು ಎಂದು ನೀವು ನಗುತ್ತೀರಿ. ನಿಜ ಹೇಳುತ್ತೇನೆ. ಮಾಗಡಿ ಕಡೆಯ ಕಲ್ಯದಲ್ಲಿ, ನನ್ನ ತವರಿನಲ್ಲಿ, ನಾನು ಬಲು ಸೋಮಾರಿ. ಊರ ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಓದಿದ್ದೆನಾದ್ದರಿಂದ ಕಸ ಗುಡಿಸುವುದು ನನ್ನ ಘನತೆಗೆ ಕಡಿಮೆ ಎಂದುಕೊಂಡಿದ್ದೆ. ಓದಿದವಳು ಎಂಬ ಹೆಮ್ಮೆಯ ಜೊತೆಗೆ ವಿಪರೀತ ನಾಚಿಕೆ. ನಾಲ್ಕು ಗಂಡಸರು ಕೂತ ಕಡೆ ಹಾದುಹೋಗಬೇಕೆಂದರೆ ಕಾಲೇ ಬರುತ್ತಿರಲಿಲ್ಲ. ಈ ಹೆಮ್ಮೆ, ಈ ನಾಚಿಕೆ ಎರಡನ್ನೂ ಪೆಟ್ಟಿಗೆಯಲ್ಲಿ ಸೀರೆಯ ಜೊತೆ ತುಂಬಿಕೊಂಡು ಈ ಮನೆಗೆ ಬಂದೆ. ಆಗ ಈ ಊರನ್ನು ಕಾನಕಾನಹಳ್ಳಿ ಎನ್ನುತ್ತಿದ್ದರು.

ನನ್ನ ಅತ್ತೆ ಕೆಂಪಮ್ಮ ರೇಷ್ಮೆ ಹುಳು ಸಾಕುವುದರಲ್ಲಿ ಹೆಸರಾದವರು. ಹಿಂದಿನ ಕೋಣೆಯಲ್ಲಿ ಬಿದಿರಿನ ತಟ್ಟೆಗಳ ಸಾಲು, ಅದರಲ್ಲಿ ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳು. ಆ ಕೋಣೆಗೆ ಮಗನಿಗೂ ಪ್ರವೇಶವಿರಲಿಲ್ಲ. ಎದುರುಮನೆ ನಿಂಗಮ್ಮನದು. ಅವರದು ಗಾಡಿ ಹೊಡೆಯುವ ಮನೆತನ, ಬಾಗಿಲಲ್ಲಿ ಸದಾ ಮೂರು ನಾಲ್ಕು ಗಾಡಿ. ಅತ್ತೆಗೂ ಆಕೆಗೂ ಎಳೆತನದಿಂದ ಸ್ನೇಹ. ಸಂಜೆಯಾದರೆ ನಮ್ಮ ಜಗಲಿಯಲ್ಲಿ ಕೂತು, ಒಂದೇ ಚೀಲದಿಂದ ಎಲೆಅಡಿಕೆ ಹಾಕಿಕೊಂಡು, ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಜಾಲಾಡಿಸಿ ಎದ್ದುಹೋಗುವರು.

ನಾನು ಬಂದ ಮೊದಲ ವರ್ಷ, ಹುಳು ನಾಲ್ಕನೆಯ ಜ್ವರದಿಂದ ಎದ್ದ ಹೊತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಅವು ತಿನ್ನುವ ಸದ್ದು ತಗಡಿನ ಮೇಲೆ ಮಳೆ ಬಿದ್ದಂತೆ. ಆಗಲೇ ದೊಡ್ಡಆಲಹಳ್ಳಿಯಲ್ಲಿದ್ದ ನಾದಿನಿಗೆ ಹೆರಿಗೆ ನೋವು ಎಂದು ಹೇಳಿಕಳುಹಿಸಿದರು. ಅತ್ತೆ ಹೊರಟು ನಿಂತು ನನ್ನನ್ನು ಕರೆದರು.

“ಐದು ದಿನ ಕಣಮ್ಮಿ. ಕೆರೆ ಹಿಂದ್ಲ ತೋಟದಿಂದ ಸೊಪ್ಪು ತಂದ್ಹಾಕು. ದಾರಿ ಪಕ್ಕದ್ದು ಮಾತ್ರ ಮುಟ್ಬ್ಯಾಡ, ಧೂಳು ಕೂತಿರತೈತೆ. ತಿಳೀತಾ?”

ತಿಳಿಯಿತು ಎಂದು ತಲೆಯಾಡಿಸಿದೆ. ತಿಳಿಯದೆ ಇದ್ದದ್ದು ಒಂದೇ: ಕೆರೆ ಹಿಂದಿನ ತೋಟಕ್ಕೆ ಹೋಗುವ ದಾರಿಯಲ್ಲಿ ಬಾವಿ, ಬಾವಿಯ ಪಕ್ಕ ಅರಳಿಕಟ್ಟೆ, ಕಟ್ಟೆಯ ಮೇಲೆ ಹತ್ತು ಹನ್ನೆರಡು ಗಂಡಸರು. ಮೊದಲ ದಿನ ಅರ್ಧ ದಾರಿ ಹೋಗಿ, ಅವರಲ್ಲೊಬ್ಬ ಕೆಮ್ಮಿದ್ದು ಕೇಳಿ ಹಿಂತಿರುಗಿದೆ. ದಾರಿ ಪಕ್ಕದ ಸೊಪ್ಪನ್ನೇ ಕೊಯ್ದೆ. ಅದರ ಮೇಲೆ ಬೆರಳಾಡಿಸಿದರೆ ಹಸಿರು ಗೆರೆ ಮೂಡುವಷ್ಟು ಧೂಳು. ಆಗ ನನ್ನ ಓದು ಉಪಯೋಗಕ್ಕೆ ಬಂತು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದೇ ತಿನ್ನಬೇಕೆಂದು ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರಲ್ಲ. ಮನೆಯವರು ಹಂಡೆಗೆ ತುಂಬಿಡುತ್ತಿದ್ದ ನೀರಿನಲ್ಲಿ ಹಾಗೆಯೇ ತೊಳೆದೆ. ನೀರು ಸುರಿಯುತ್ತಿದ್ದ ಎಲೆಗಳನ್ನು ತಟ್ಟೆಗೆ ಹಾಕಿ, ಇಷ್ಟು ಚೊಕ್ಕಟವಾದ ಊಟ ಈ ಹುಳುಗಳ ವಂಶದಲ್ಲೇ ಯಾವುದೂ ಉಂಡಿರಲಾರದು ಎಂದು ಬೀಗಿದೆ. ಐದು ದಿನವೂ ಹಾಗೆಯೇ.

ಒದ್ದೆ ಸೊಪ್ಪು ಹುಳುವಿಗೆ ವಿಷ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದು ಆ ಸೀಮೆಯಲ್ಲಿ ಯಾರಿಗೂ ತೋಚುತ್ತಲೂ ಇರಲಿಲ್ಲ.

ಅತ್ತೆ ಬಂದ ಮಾರನೆಯ ದಿನ ಹುಳು ತಲೆ ಎತ್ತಿ ಸುಮ್ಮನೆ ಕೂತವು. ಆಮೇಲೆ ಮೆತ್ತಗಾಗಿ, ಕಪ್ಪಾಗಿ, ಕೋಣೆಯೆಲ್ಲ ನಾರಿತು. ಅಷ್ಟನ್ನೂ ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಅತ್ತೆ ಬರಿದಾದ ತಟ್ಟೆಯ ಮುಂದೆ ಬಹಳ ಹೊತ್ತು ಕೂತಿದ್ದು, ಕಿಟಕಿಯ ಮೇಲೆ ಬೆರಳಾಡಿಸಿದರು. ಬೆರಳು ಕೆಂಪಗಾಯಿತು. ನೆಟ್ಟಗೆ ಬೀದಿಗೆ ಹೋಗಿ ನಿಂತರು.

“ನಿಂಗಿ, ನಿನ್ ಗಾಡಿ ಧೂಳು ನನ್ ಹುಳಾನೆಲ್ಲ ತಿಂದ್ಬುಡ್ತು ಕಣೆ.”

“ಇಪ್ಪತ್ತೊರ್ಷದಿಂದ ಇಲ್ದಿದ್ ಧೂಳು ಇವತ್ತು ಬಂತಾ? ಬಾಯಿಗ್ ಬಂದಂಗೆ ಆಡ್ಬ್ಯಾಡ ಕೆಂಪಿ.”

ಮಾತು ಬೆಳೆಯಿತು. ನಾನು ಬಾಗಿಲ ಹಿಂದೆ ನಿಂತು ಚಿಲಕ ಹಿಡಿದುಕೊಂಡಿದ್ದೆ. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಅಂದಿನಿಂದ ಎರಡು ಮನೆಗೂ ಮಾತು ನಿಂತಿತು.

ಆಮೇಲೆ ಅತ್ತೆ ಧೂಳಿನ ಮೇಲೆ ಯುದ್ಧ ಹೂಡಿದರು. ಕಾಲಾಳು ನಾನೊಬ್ಬಳೇ. ನೀರು ಚಿಮುಕಿಸದೆ ಹಂಚಿಕಡ್ಡಿ ಪೊರಕೆ ನೆಲಕ್ಕೆ ಮುಟ್ಟಿಸುವಂತಿಲ್ಲ. ಹೊಸ್ತಿಲಲ್ಲಿ ಒದ್ದೆ ಗೋಣಿತಾಟು, ಕಾಲು ಒರೆಸದೆ ಒಳಗೆ ಬಂದರೆ ಗಂಡಸಾದರೂ ಬೈಗುಳ. ಬೀದಿ ಕಡೆಯ ಕಿಟಕಿಗೆ ಹಳೆಯ ಸೀರೆಯನ್ನು ನೆನೆಸಿ ಕಟ್ಟಬೇಕು, ಒಣಗಿದರೆ ಮತ್ತೆ ನೆನೆಸಬೇಕು. ದಿನ ಬಿಟ್ಟು ದಿನ ಸಗಣಿ ಸಾರಿಸಬೇಕು. ರಾಗಿ ಕೇರುವುದು ಹಿತ್ತಲಿನಲ್ಲಿ, ಅದೂ ಗಾಳಿ ನೋಡಿಕೊಂಡು. ಎಲ್ಲಕ್ಕಿಂತ ಹೆಚ್ಚಾಗಿ, ಬೀದಿಯ ಧೂಳು ಏಳದಂತೆ ಎರಡು ಹೊತ್ತೂ ಬೀದಿಗೆ ನೀರು ಹಾಕಬೇಕು. ಇಷ್ಟಕ್ಕೂ ನೀರು ಎಲ್ಲಿಂದ? ಅರಳಿಕಟ್ಟೆಯ ಪಕ್ಕದ ಬಾವಿಯಿಂದ. ಐದು ದಿನ ಆ ಗಂಡಸರ ಮುಂದೆ ಹಾಯಲಾರದೆ ತಪ್ಪಿಸಿಕೊಂಡವಳು, ಎಂಟು ವರ್ಷ ದಿನಕ್ಕೆ ಇಪ್ಪತ್ತು ಸಲ ಬಿಂದಿಗೆ ಹೊತ್ತು ಅವರ ಮುಂದೆಯೇ ಹಾದೆ. ಕೊನೆಕೊನೆಗೆ ಯಾರು ಯಾವಾಗ ಕೆಮ್ಮುತ್ತಾರೆ ಎಂಬುದೂ ನನಗೆ ತಿಳಿದಿತ್ತು.

ನೀರು ಹೊರುವುದು ಶಿಕ್ಷೆ ಎಂದುಕೊಂಡರೆ ಸಮಾಧಾನವಾಗುತ್ತಿತ್ತು. ಆಗದೆ ಇದ್ದದ್ದು ಸಂಜೆಯ ಹೊತ್ತು. ಅತ್ತೆ ಜಗಲಿಯಲ್ಲಿ ಒಬ್ಬರೇ ಕೂತು ಚೀಲ ಬಿಚ್ಚುವರು. ಕೈ ತಾನಾಗಿ ಎರಡು ಎಲೆ ತೆಗೆಯುವುದು. ಒಂದನ್ನು ಮತ್ತೆ ಒಳಗಿಡುವರು. ಎಂಟು ವರ್ಷವಾದರೂ ಆ ಕೈಗೆ ಬುದ್ಧಿ ಬರಲಿಲ್ಲ.

ಒಂದು ಬೇಸಿಗೆ ಅತ್ತೆ ಜಾರಿಬಿದ್ದು ಕಾಲು ಉಳುಕಿಸಿಕೊಂಡರು. ಜಾರಿದ್ದು ನಾನು ನೆನೆಸಿಟ್ಟ ಗೋಣಿತಾಟಿನ ಮೇಲೆ. ಆ ಸಂಜೆ ಬೀದಿಗೆ ನೀರು ಹಾಕುತ್ತಿದ್ದಾಗ ನಿಂಗಮ್ಮ ತನ್ನ ಬಾಗಿಲಿನಿಂದಲೇ ಮೆಲ್ಲಗೆ ಕೇಳಿದಳು: “ನಿಮ್ಮತ್ತೆ ಒಸಿ ಗಂಜಿನಾರೂ ಕುಡಿದ್ಲಾ?”

ಬಿಂದಿಗೆ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ನಿಂಗಮ್ಮ ಕೇಳಿಸಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು.

“ಹೇಳಿದ್ದು ಹೇಳ್ದೆ. ಅವಳಿಗೆ ಮಾತ್ರ ಹೇಳ್ಬ್ಯಾಡ ಕಣವ್ವ. ನೀ ಬೀದಿಗೆ ನೀರು ಹಾಕಿ ಹಾಕಿ ನಮ್ ಮನೇಲೂ ಧೂಳಿಲ್ಲ. ನನ್ ಸೊಸೆ ವಾರಕ್ಕೊಂದ್ಸಲ ಒರೆಸಿದ್ರೆ ಸಾಕಾಗೈತೆ.”

ನಕ್ಕಳೇ ಹೊರತು ಆಕೆಯ ಕಣ್ಣು ನಮ್ಮ ಜಗಲಿಯ ಮೇಲೆಯೇ ಇತ್ತು. ನಾನು ಒಳಗೆ ಹೋಗಿ ಅತ್ತೆಯ ಮಂಚದ ಪಕ್ಕ ನಿಂತು ಅದನ್ನೇ ಎರಡನೆಯ ಸಲ ಹೇಳಿದೆ. ಎರಡನೆಯದು ಸುಲಭ ಎನ್ನುತ್ತಾರಲ್ಲ, ನಂಬಬೇಡಿ.

ಅತ್ತೆ ಮೊಣಕೈ ಊರಿ ಎದ್ದು ಕೂತರು. ಆಮೇಲೆ ಕೇಳಿದರು: “ಎಷ್ಟು ನೀರಲ್ಲಿ ತೊಳ್ದೆ?”

“ಮೂರು.”

“ಮೂರ್ ನೀರಲ್ಲಿ ಒಂದಿನ ಅನ್ನದ ಮಡಿಕೆ ತೊಳ್ದಿದ್ದೀಯಾ ನೀನು? ಎತ್ತು ನನ್ನ.”

ಎತ್ತಿದೆ. ನನ್ನ ಭುಜ ಹಿಡಿದು ಕುಂಟುತ್ತ ಬೀದಿ ದಾಟಿದರು. ಎಂಟು ವರ್ಷದ ಮೇಲೆ ನಿಂಗಮ್ಮನ ಜಗಲಿಯಲ್ಲಿ ಕೂತು, ಬೆರಳಿನಿಂದ ಕಲ್ಲನ್ನು ಒರೆಸಿ ನೋಡಿ, “ಇಷ್ಟು ಧೂಳು ಇಟ್ಕೊಂಡು ಹೆಂಗ್ ಬಾಳ್ತೀಯೇ ನಿಂಗಿ,” ಎಂದರು. ನಿಂಗಮ್ಮ ಕೈ ಚಾಚಿದಳು. ಅತ್ತೆ ಚೀಲ ಬಿಚ್ಚಿ ಎರಡು ಎಲೆ ತೆಗೆದರು. ಒಂದನ್ನೂ ಒಳಗಿಡಲಿಲ್ಲ.

ನಾಳೆಯಿಂದ ಬೀದಿಗೆ ನೀರು ಬೇಡವೇನೋ ಎಂದು ನಾನು ಆಸೆಯಿಂದ ನಿಂತಿದ್ದೆ. ಇಬ್ಬರೂ ಕೂಡಿ ಯೋಚಿಸಿ, ಅಭ್ಯಾಸ ತಪ್ಪಿಸುವುದು ಬೇಡ, ಇನ್ನು ಮೇಲೆ ನಿಂಗಮ್ಮನ ಜಗಲಿಯವರೆಗೂ ಹಾಕಲಿ ಎಂದು ತೀರ್ಮಾನಿಸಿದರು. ಮಾರನೆಯ ವರ್ಷ ಅತ್ತೆ ನನ್ನನ್ನು ಹುಳುವಿನ ಕೋಣೆಗೆ ಕರೆದು, ಒಂದು ಎಲೆಯನ್ನು ನನ್ನ ಕೆನ್ನೆಗೆ ಒತ್ತಿದರು. “ತಣ್ಣಗೈತಾ? ಹಂಗಾದ್ರೆ ಇನ್ನೂ ಆರಿಲ್ಲ. ಕೆನ್ನೆ ಕೇಳು, ಪುಸ್ತಕ ಕೇಳ್ಬ್ಯಾಡ.”

ಮಕ್ಕಳೇ, ಒದ್ದೆ ಬಟ್ಟೆ ಹಿಡಿದು ಬೀರುವಿನ ಮುಂದೆ ನಿಂತವಳು ಇದನ್ನೆಲ್ಲ ನೆನೆದು ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದೆ. ಈ ಮನೆಗೆ ಬಂದ ಮೇಲೆ ಧೂಳನ್ನು ಹಾಗೆಯೇ ಬಿಟ್ಟದ್ದು ಇದೇ ಮೊದಲು. ‘ಅಜ್ಜಿ ಗೂಬೆ’ ಅಲ್ಲಿಯೇ ಇರಲಿ. ಬರೆದವರು ಬಂದು ಹೇಳುವವರೆಗೆ ಒರೆಸುವುದಿಲ್ಲ. ಅವಸರವೇನೂ ಇಲ್ಲ, ಅಜ್ಜಿಗೆ ಎಂಟು ವರ್ಷ ಬೇಕಾಯಿತು. ಆದರೆ ಸಂಜೆ ಬಸ್ಸು ಬರುತ್ತದೆ. ಅಕ್ಷರದ ಮೇಲೆ ಹೊಸ ಧೂಳು ಕೂತು ಎಲ್ಲ ಅಳಿಸಿಹೋಯಿತು ಎಂದುಕೊಳ್ಳಬೇಡಿ. ದೀಪ ಹಿಡಿದು ಓರೆಯಾಗಿ ನೋಡಿದರೆ ಅಡಿಯಲ್ಲಿರುವುದು ಚೆನ್ನಾಗಿಯೇ ಕಾಣುತ್ತದೆ.