ಭಾಲ್ಕಿಯ ಚರ್ಚಿನಲ್ಲಿ ಕೂಸುಗಳ ಹಬ್ಬ

ಬೀದರಿನ ಹೊರಗಿನ ಕೊಳಾರದಲ್ಲಿ ನಾನು ಕೆಲಸ ಮಾಡುವ ಗೋದಾಮಿನ ಬಾಗಿಲುಗಳಿಗೆ ಮೊನ್ನೆ ಬಣ್ಣ ಹೊಡೆಯುತ್ತಿದ್ದರು. ಟರ್ಪೆಂಟೈನಿನ ಖಾರ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು. ಮೈಲೂರು ಬಡಾವಣೆಯ ನಮ್ಮ ಹಳೆಯ ಮನೆ ಈಗಿಲ್ಲ. ಅದು ನಿಂತಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಜೆರಾಕ್ಸ್ ಅಂಗಡಿ ಎದ್ದಿವೆ. ಆದರೆ ಆ ವಾಸನೆಯೊಳಗೆ ಮನೆ ಇಡಿಯಾಗಿ ಉಳಿದಿತ್ತು. ಕೆಂಪು ಕಲ್ಲಿನ ಗೋಡೆ, ಡಿಸೆಂಬರಿನ ಚಳಿಯಲ್ಲಿ ಹೊಗೆಯಾಡುವ ನೀರೊಲೆ, ಡಬ್ಬಿಯ ತಳದಲ್ಲಿ ಉಳಿದ ಕ್ರಿಸ್‌ಮಸ್ಸಿನ ಕರ್ಚಿಕಾಯಿ, ನಡುಮನೆಯ ಗೋಡೆಗೆ ಒರಗಿಸಿಟ್ಟ ಪ್ರಭುದಾಸ ಕಾಕಾನ ಅರ್ಧ ಬರೆದ ಬೋರ್ಡುಗಳು. ಕಾಕಾ ಅಪ್ಪನ ತಮ್ಮ. ಅಂಗಡಿಯ ಹೆಸರು, ಲಾರಿಯ ಹಿಂದಿನ ನವಿಲು, ಕುರಿಮರಿ ಎತ್ತಿಕೊಂಡ ಯೇಸು, ಯಾರು ಏನು ಕೇಳಿದರೂ ಬರೆದುಕೊಡುತ್ತಿದ್ದ.

ಕ್ರಿಸ್‌ಮಸ್ ಕಳೆದ ಮೂರನೆಯ ದಿನ ನಿರ್ದೋಷಿ ಹಸುಳೆಗಳ ಹಬ್ಬ ಬರುತ್ತದೆ. ಅಪ್ಪನ ತಾಯಿ, ನಮ್ಮ ಆಯಿ, ಅದನ್ನು ಕೂಸುಗಳ ಹಬ್ಬ ಎನ್ನುತ್ತಿದ್ದಳು. ಆ ದಿನ ಮನೆಯಲ್ಲಿ ಸಿಹಿ ಮಾಡುತ್ತಿರಲಿಲ್ಲ. ಬೆಳಿಗ್ಗೆ ನಮ್ಮೆಲ್ಲರ ನೆತ್ತಿಗೆ ಬೆಚ್ಚಗಿನ ಎಣ್ಣೆ ತಟ್ಟಿ, ಚಾಪೆಯ ಮೇಲೆ ಕೂರಿಸಿ, ಬೈಬಲ್ಲಿನ ಮತ್ತಾಯನ ಸುವಾರ್ತೆಯ ಆ ಭಾಗವನ್ನು ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದಳು. ಹೊಸ ಅರಸ ಹುಟ್ಟಿದನೆಂದು ಕೇಳಿ ಆಗಿನ ಅರಸ ಹೆರೋದನಿಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು, ಕನಸಿನಲ್ಲಿ ದೂತ ಬಂದು ಎಚ್ಚರಿಸಿದ್ದಕ್ಕೆ ಯೋಸೇಫನು ತಾಯಿಯನ್ನೂ ಕೂಸನ್ನೂ ಕರೆದುಕೊಂಡು ಐಗುಪ್ತ ದೇಶಕ್ಕೆ ಓಡಿದ್ದು, ಇತ್ತ ಬೆತ್ಲೆಹೇಮಿನ ಉಳಿದ ಕೂಸುಗಳನ್ನೆಲ್ಲ ಹೆರೋದನ ಸಿಪಾಯಿಗಳು ಕಡಿದು ಹಾಕಿದ್ದು. ರಾಹೇಲಳೆಂಬ ತಾಯಿ ಅತ್ತಳು, ಯಾರ ಸಮಾಧಾನವನ್ನೂ ಒಲ್ಲೆ ಎಂದಳು ಎಂಬಲ್ಲಿಗೆ ಆಯಿ ಪುಸ್ತಕ ಮುಚ್ಚುತ್ತಿದ್ದಳು. ನಮಗೋ, ಬಾಲಯೇಸು ಪಾರಾದನಲ್ಲ ಎಂಬ ಖುಷಿ. ಸತ್ತ ಕೂಸುಗಳಿಗೆ ಹೆಸರಿರಲಿಲ್ಲ, ಹಾಗಾಗಿ ಅವು ನಮ್ಮ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ.

ಹೆಸರಿದ್ದ ಕೂಸು ಸತ್ತದ್ದು ಔರಾದಿನಲ್ಲಿ. ಅಪ್ಪನ ತಂಗಿ ಸುವಾರ್ತಾ ಅತ್ಯಾಳನ್ನು ಅಲ್ಲಿಗೆ ಕೊಟ್ಟಿದ್ದರು. ಅವಳ ಮಗ ಸಮುವೇಲ, ನಮ್ಮ ಬಾಯಲ್ಲಿ ಸಮ್ಯಾ, ಇನ್ನೂ ಹೊಟ್ಟೆಯ ಮೇಲೆ ತೆವಳುತ್ತಿದ್ದ. ಒಂದು ಬೆಳಿಗ್ಗೆ ಅತ್ಯಾಳ ಗಂಡ ರೊಟ್ಟಿ ತಡವಾಯಿತೆಂದು ಅವಳನ್ನು ಒದೆಯುತ್ತಿದ್ದಾಗ ಕೂಸು ಹೆದರಿ ಚೀರಿತು. ಅವನು ಕೂಸಿನ ಕಾಲು ಹಿಡಿದೆತ್ತಿ ಬೀಸುಕಲ್ಲಿನ ಮೇಲೆ ಒಗೆದ. ಒಂದೇ ಸಪ್ಪಳವಂತೆ. ಅತ್ಯಾ ಕೂಸಿನತ್ತ ಹೋಗದಂತೆ ಮನೆಯವರು ಅವಳನ್ನು ಕೋಣೆಗೆ ತಳ್ಳಿ ಚಿಲಕ ಹಾಕಿದರು. ಬಾಗಿಲು ತೆಗೆಯುವಷ್ಟರಲ್ಲಿ ಕೂಸನ್ನು ಮಣ್ಣು ಮಾಡಿ ಬಂದಿದ್ದರು. ತೊಟ್ಟಿಲಿನಿಂದ ಬಿತ್ತು ಎಂದು ಊರಿಗೆಲ್ಲ ಹೇಳಿದ್ದರು. ಅತ್ಯಾ ಬಸ್ಸು ಹತ್ತಿ ನಮ್ಮ ಅಂಗಳಕ್ಕೆ ಬಂದು ನಿಂತಾಗ ಅವಳ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಆ ಒದ್ದೆಯನ್ನು ನಾನು ನೋಡಿದ್ದೇನೆ. ಎರಡೂ ಕಡೆಯ ಹಿರಿಯರು ಕೂಡಿ, "ಮನಿ ಮಾತು ಮನ್ಯಾಗೇ ಇರ್ಲಿ, ಹೆಣ್ಮಗಳ ಬಾಳ್ವಿ ಐತಿ" ಎಂದು ಎದ್ದುಹೋದರು. ಅತ್ಯಾ ತಿರುಗಿ ಹೋಗಲಿಲ್ಲ, ನಮ್ಮಲ್ಲೇ ಉಳಿದಳು.

ಮರುವರ್ಷ ಭಾಲ್ಕಿಯ ಚರ್ಚಿನ ಫಾದರ್ ಕೂಸುಗಳ ಹಬ್ಬಕ್ಕೆಂದು ಕಾಕಾನಿಗೆ ಒಂದು ದೊಡ್ಡ ಚಿತ್ರ ಬರೆಯಲು ಹೇಳಿದರು. ದೂತರು, ಕೊಟ್ಟಿಗೆ, ನಕ್ಷತ್ರ, ಅಷ್ಟೇ ಸಾಕೆಂದರು. ಮಾದರಿಗೆಂದು ಹಳೆಯ ವಿಲಾಯಿತಿ ಚಿತ್ರಗಳ ಪುಸ್ತಕವೊಂದನ್ನೂ ಕೊಟ್ಟಿದ್ದರು. ಅದರೊಳಗಿನ ಒಂದು ಹಾಳೆಯಲ್ಲಿ ಕಾಕಾನ ಕಣ್ಣು ಸಿಕ್ಕಿಬಿತ್ತು. ಹಿಮ ಬಿದ್ದ ಹಳ್ಳಿ. ಕುದುರೆಯ ಮೇಲಿನ ಸಿಪಾಯಿಗಳು ಬಾಗಿಲು ಒಡೆದು ಕೂಸುಗಳನ್ನು ಎಳೆಯುತ್ತಿದ್ದಾರೆ. "ಬೆತ್ಲೆಹೇಮಿನಾಗ ಇಷ್ಟು ಬರ್ಫ್ ಎಲ್ಲಿಂದ ಬರ್ಬೇಕವ್ವ?" ಎಂದು ನನಗೆ ತೋರಿಸಿದ. "ಇದನ್ನ ಬರದಾವ ತನ್ನೂರಾಗೇ ಕೊಲ್ಲಿಸ್ಯಾನ ನೋಡು. ನಾನೂ ನಮ್ಮೂರಾಗೇ ಬರೀತೇನಿ."

ಆಮೇಲೆ ಮನೆ ತುಂಬ ಟರ್ಪೆಂಟೈನ್. ದಪ್ಪ ಬಟ್ಟೆಯ ಮೇಲೆ ಔರಾದಿನ ಕರಿಮಣ್ಣು ಎದ್ದಿತು, ತೊಗರಿಯ ಹೊಲ ಎದ್ದಿತು. ಬೂಟು ಹಾಕಿದ ಗಂಡಸರು ನಮಗೆ ಬೆನ್ನು ಹಾಕಿ ನಿಂತಿದ್ದರು. ಒಬ್ಬನ ಮುಖವೂ ಕಾಣುತ್ತಿರಲಿಲ್ಲ. ಮುಖವಿದ್ದದ್ದು ಹೆಂಗಸರಿಗೆ. ಒಬ್ಬಳು ಸಿಪಾಯಿಯ ಕೈ ಕಚ್ಚಿದ್ದಳು, ಅವಳಿಗೆ ನನ್ನವ್ವನ ಮುಖ. ಮಡಿಲಲ್ಲಿ ತಲೆ ಒಡೆದ ಕೂಸನ್ನಿಟ್ಟುಕೊಂಡು ಕೂತವಳಿಗೆ ಆಯಿಯ ಮುಖ. ರಕ್ತಕ್ಕೆ ಕಾಕಾ ಬೋರ್ಡಿನ ಕೆಂಪು ಬಳಸಲಿಲ್ಲ. ಕೆಂಪಿಗೆ ಕಪ್ಪು ಬೆರೆಸಿ ಬೆರೆಸಿ ನೋಡುತ್ತಿದ್ದ. ಅತ್ಯಾ ಅಡುಗೆ ಬಿಟ್ಟು ಬಂದು, "ಇನ್ನಾ ಕಪ್ಪ ಇರ್ತದ ಅಣ್ಣಾ" ಎಂದು ಹೇಳಿ ಒಳಗೆ ಹೋದಳು.

ಫಾದರ್ ಚಿತ್ರ ನೋಡಲು ಬಂದರು. "ಹಬ್ಬದ ದಿನ ಇದನ್ನ ಗೋಡಿಗಿ ಹ್ಯಾಂಗ ಹಚ್ಚೋದು, ಪ್ರಭುದಾಸ? ಸಣ್ಣ ಮಕ್ಕಳು ಬರ್ತಾರ" ಎಂದರು.

ಅತ್ಯಾ ಬಾಗಿಲಿಗೆ ಬಂದಳು. "ಇದು ಇವೇ ಕೂಸುಗಳ ಹಬ್ಬ ಅಲ್ಲೇನ್ರಿ ಫಾದರ್? ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ದೂತ ಯೋಸೇಫನ ಮನಿಗಿ ಒಂದಕ್ಕೇ ಯಾಕ ಹೋದ? ಬಾಜು ಮನಿ ಬಾಗಿಲ ಅವಗ ಕಾಣ್ಸಲಿಲ್ಲೇನ್ರಿ?"

ಫಾದರ್ ತಲೆ ತಗ್ಗಿಸಿದರು. "ನನಗ ಗೊತ್ತಿಲ್ಲವ್ವ."

"ಹಂಗಾದ್ರ ಹಚ್ರಿ. ನಿಮಗೂ ಗೊತ್ತಿಲ್ಲಂತ ಜನಕ್ಕ ತಿಳೀಲಿ."

ಅವರು ಹಚ್ಚಿದರು. ಹಬ್ಬದ ಬೆಳಿಗ್ಗೆ ನಾವೆಲ್ಲ ಭಾಲ್ಕಿಗೆ ಹೋದೆವು. ಚಿತ್ರ ನೋಡಿದ ಹೆಂಗಸರು ತಮ್ಮ ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಫಾದರ್ ಸುವಾರ್ತೆ ಓದುತ್ತಿದ್ದಾಗ ಗಂಡಸರ ಸಾಲಿನ ಕೊನೆಯಿಂದ ಒಬ್ಬ ಎದ್ದುಬಂದ. ಇಸ್ತ್ರಿಯ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಅತ್ಯಾಳ ಗಂಡ. ಚಿತ್ರದ ಸುದ್ದಿ ಔರಾದಿಗೆ ಮುಟ್ಟಿತ್ತು. ಅವನು ಬೆನ್ನ ಹಿಂದಿನಿಂದ ಕಬ್ಬು ಕಡಿಯುವ ಕೊಯ್ತಾ ಎಳೆದು ಬಟ್ಟೆಯ ಮೇಲೆ ಬೀಸಿದ. ಚರ್ರನೆ ಹರಿಯಿತು. ಮತ್ತೆ ಬೀಸುವಷ್ಟರಲ್ಲಿ ಕಾಕಾ ಅಡ್ಡ ಬಂದು ಬಲಗೈ ಚಾಚಿದ. ಕೊಯ್ತಾ ಬೆರಳುಗಳನ್ನು ಕಡಿದುಕೊಂಡು ಹೋಯಿತು. ಎರಡು ಬೆರಳು ನೆಲಕ್ಕೆ ಬಿದ್ದದ್ದು ಮುಂದೆ ಕೂತಿದ್ದ ನಮಗೆ ಕಂಡಿತು. ಯಾರೂ ಎದ್ದಿರಲಿಲ್ಲ. ಎದ್ದವಳು ಅತ್ಯಾ. ಹಿಂದಿನಿಂದ ಅವನ ಕೂದಲಿಗೆ ಎರಡೂ ಕೈ ಹಾಕಿ ಜೋತುಬಿದ್ದಳು. ಅವನು ಕೊಯ್ತಾದ ಹಿಡಿಯಿಂದ ಅವಳ ಮುಖಕ್ಕೆ ಗುದ್ದಿದ. ಹಲ್ಲು ಮುರಿಯಿತು, ಅವಳು ಬಿಡಲಿಲ್ಲ. ಆಗ ಅವನು ಕೂಗಿದ:

"ಬಿಡ ರಂಡಿ! ಅದನ್ನ ಕಲ್ಲಿಗೆ ಒಗದಂಗ ನಿನ್ನೂ ಒಗೀತೇನಿ!"

ಇಡೀ ಚರ್ಚು ಆ ಮಾತು ಕೇಳಿತು. ತೊಟ್ಟಿಲ ಕಥೆಯನ್ನು ನಂಬಿದಂತೆ ನಟಿಸಿದ್ದ ಹಿರಿಯರೂ ಅಲ್ಲೇ ಕೂತಿದ್ದರು. ಗಂಡಸರು ಈಗ ಎದ್ದರು, ಎಲ್ಲರೂ ಒಮ್ಮೆಲೇ ಎದ್ದರು. ಅವನು ಸಾಯದೆ ಉಳಿದದ್ದು ಫಾದರ್ ಅವನ ಮೇಲೆ ಮೈಚೆಲ್ಲಿ ಮಲಗಿದ್ದರಿಂದ. ಫಾದರ್ ಬೆನ್ನ ಮೇಲೂ ಏಟು ಬಿದ್ದವು. ಗದ್ದಲದ ನಡುವೆ ಆಯಿ ಮಾತ್ರ ನೆಲದ ಮೇಲೆ ಕೂತು, ಮಗನ ಬೆರಳುಗಳನ್ನು ತನ್ನ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು.

ಸಾಕ್ಷಿಗೆ ಭಾಲ್ಕಿಯ ಜನ ಒಬ್ಬರ ಹಿಂದೆ ಒಬ್ಬರು ಹೋದರು. ಪೊಲೀಸರು ಔರಾದಿನಲ್ಲಿ ಗಂಡನ ಮನೆಯವರು ತೋರಿಸಿದಲ್ಲೆಲ್ಲ ಅಗೆಸಿದರು. ಕೂಸಿನ ಒಂದು ಎಲುಬೂ ಸಿಗಲಿಲ್ಲ. ಕಾಕಾನ ಕೈಗಾಗಿ ಅತ್ಯಾಳ ಗಂಡನಿಗೆ ಜೈಲಾಯಿತು, ಕೂಸಿಗಾಗಿ ಆಗಲಿಲ್ಲ. ಪುರಾವೆಯೆಂದು ಕೋರ್ಟಿಗೆ ಹೋದ ಚಿತ್ರ ತಿರುಗಿ ಬರಲಿಲ್ಲ. ಕಾಕಾ ಕೇಳಲೂ ಇಲ್ಲ. ಉಳಿದ ಬೆರಳುಗಳಲ್ಲಿ ಕುಂಚ ನಿಲ್ಲುತ್ತಿರಲಿಲ್ಲ. ಬಣ್ಣದ ಡಬ್ಬಿ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡು, ಅದರಲ್ಲೇ ಮುದುಕನಾಗಿ ತೀರಿಕೊಂಡ. ಅತ್ಯಾ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆದಳು. ಬೀದರಿನ ಎಷ್ಟೋ ಮಕ್ಕಳ ಮೊದಲ ಸ್ನಾನ ಅವಳ ಕೈಯಲ್ಲೇ ಆಯಿತು. ಮುರಿದ ಹಲ್ಲು ಕಟ್ಟಿಸಿಕೊಳ್ಳಲಿಲ್ಲ. ನಗುವಾಗ ಕೈ ಅಡ್ಡ ಹಿಡಿಯುತ್ತಲೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಹೋಗುವ ಮುಂಚೆ ನನ್ನ ಕೈ ಹಿಡಿದು, "ನನ್ನ ಔರಾದಕ್ಕ ಒಯ್ರಿ. ಸಮ್ಯಾ ಒಬ್ಬವನೇ ಇದ್ದಾನ" ಎಂದಿದ್ದಳು. ಒಯ್ದೆವು. ಗಂಡನ ಮನೆಯವರು ಯಾರೂ ಆ ಊರಲ್ಲಿ ಉಳಿದಿರಲಿಲ್ಲ. ಕುರಿ ಕಾಯುವ ಮನೆತನದ ಒಬ್ಬ ಮುದುಕಿ ಕೋಲೂರಿಕೊಂಡು ಬಂದು, ತೊಗರಿ ಕೊಯ್ದ ಹೊಲದ ಬದುವಿನುದ್ದಕ್ಕೂ ಕೈ ಬೀಸಿದಳು. "ಕೂಸು ಇಲ್ಲೇ ಎಲ್ಲ್ಯಾರ ಇರ್ಬೇಕ್ರಿ ತಾಯಿ. ಆವತ್ತ ಕುರಿ ಹಿಂದಿದ್ದೆ. ದೂರದಿಂದ ನೋಡೀನಿ, ಮಂದಿ ಬಗ್ಗಿದ್ದಷ್ಟ ಕಾಣ್ತು." ಹೊಲದ ಒಡೆಯ ಬೇಡವೆನ್ನಲಿಲ್ಲ. ನಾವು ಅಂದಾಜಿನ ಮೇಲೆ ಒಂದು ಕಡೆ ಅತ್ಯಾಳಿಗೆ ಗುಂಡಿ ಅಗೆದೆವು. ಮಣ್ಣು ಮುಚ್ಚಿದ ಮೇಲೆ, ಮಗು ಯಾವ ಮಗ್ಗುಲಿಗಿದೆಯೋ ತಿಳಿಯದೆ, ಅವಳ ಎರಡೂ ಬದಿಗೆ ಹೂವಿಟ್ಟು ಬಂದೆವು.